ಫ್ರೀ ಡಿಶ್‌ನಲ್ಲಿ ಕನ್ನಡಕ್ಕೆ ಎಷ್ಟು ಜಾಗ?

ಪ್ರಸಾರದ ನಿಯಮ ಮಾಡುವ ಹಿರಿಯರಿಗೆ, ಆ ನಿಯಮದ ಕೆಳಗೆ ಟಿವಿ ನೋಡುತ್ತಿರುವ ನನ್ನ ನೆರೆಹೊರೆಯವರಿಗೆ,

ನಮ್ಮ ಬೆಂಗಳೂರಿನ ನಂದಿನಿ ಲೇಔಟ್‌ನಲ್ಲಿ ಕೆಳಗೆ ಮಾಲೀಕರು, ಮೇಲೆ ಎರಡು ಮೂರು ಬಾಡಿಗೆ ಮನೆ, ತಾರಸಿಯಲ್ಲಿ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಡಿಶ್‌ಗಳು. ಲಗ್ಗೆರೆ, ಕುರುಬರಹಳ್ಳಿ, ಗೊರಗುಂಟೆಪಾಳ್ಯದ ಕಡೆಗೂ ಇದೇ ನೋಟ. ಇವುಗಳಲ್ಲಿ ಕೆಲವು ಡಿಶ್‌ಗಳಿಗೆ ತಿಂಗಳು ತಿಂಗಳೂ ರೀಚಾರ್ಜ್ ಆಗಬೇಕು. ಕೆಲವಕ್ಕೆ ಆ ಗೊಡವೆ ಇಲ್ಲ. ಒಂದು ಸಲ ದುಡ್ಡು ಹೊಂದಿಸಿ ಡಿಶ್ಶು, ಬಾಕ್ಸು ತಂದು ಹಾಕಿಸಿದರೆ ಆಯಿತು, ಆಮೇಲೆ ಯಾರಿಗೂ ಬಿಡಿಗಾಸು ಕೊಡಬೇಕಿಲ್ಲ. ಸರ್ಕಾರಿ ಪ್ರಸಾರ ಸೇವೆಯ ಫ್ರೀ ಡಿಶ್ ಅದು. ಈ ಪತ್ರ ಆ ಮನೆಗಳ ಪರವಾಗಿ.

ಯಾರ ಮನೆಗಳು ಅವು? ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗೆ ಹೋಗುವವರವು. ಅಪಾರ್ಟ್‌ಮೆಂಟಿನ ಕಾವಲಿಗೆ ಕೂತವರವು. ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರ ಕೈ ಬೇಕಾದ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಓಡುವ ಸೊಸೆಯಂದಿರವು. ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲಿ ಮಾತ್ರೆಯ ಖರ್ಚು ತೂಗಿಸುವ ಹಿರಿಯರವು. ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೀಟಿನ ಮನೆಯಲ್ಲಿ ಇರುವವರವು. ಇವರಲ್ಲಿ ಒಬ್ಬರು ನೀವೇ ಇರಬಹುದು. ಇಲ್ಲವಾದರೆ ನಿಮ್ಮ ಮೇಲಿನ ಮಹಡಿಯಲ್ಲಿ ಇದ್ದಾರೆ.

ಇವರ ದೂರು ಒಂದೇ. ಬಾಕ್ಸ್ ಆನ್ ಮಾಡಿದರೆ ವಾಹಿನಿಗಳು ಬೇಕಾದಷ್ಟು ಬರುತ್ತವೆ, ಕನ್ನಡ ಹುಡುಕಬೇಕು.

ರಿಮೋಟ್ ಒತ್ತುತ್ತಾ ಹೋಗಿ. ಹಿಂದಿ ಸಿನಿಮಾ, ಹಿಂದಿ ಧಾರಾವಾಹಿ, ಹಿಂದಿ ಸುದ್ದಿ, ಭೋಜಪುರಿ ಹಾಡು, ಹಿಂದಿಗೆ ಡಬ್ ಆದ ದಕ್ಷಿಣದ ಹೊಡೆದಾಟದ ಚಿತ್ರ. ಈ ಕೊನೆಯದನ್ನು ನೋಡಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಮ್ಮದೇ ನಟ, ನಮ್ಮದೇ ಊರಿನ ಬೀದಿ, ಮಾತು ಮಾತ್ರ ಹಿಂದಿ. ಅದಾದ ಮೇಲೆ ಪಾಠದ ವಾಹಿನಿಗಳು ಸಾಲು ಸಾಲಾಗಿ. ನಡುವೆ ಸರ್ಕಾರಿ ಕನ್ನಡ ವಾಹಿನಿ, ನಮ್ಮ ಚಂದನ.

ಚಂದನದ ಬಗ್ಗೆ ನನ್ನ ತಕರಾರಿಲ್ಲ. ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಎಷ್ಟು ಮನೆಗಳಲ್ಲಿ ರಾತ್ರಿ ಊಟದ ಜೊತೆಗಿನ ಪಾಠವಾಗಿತ್ತು ಎನ್ನುವುದು ಎಲ್ಲರಿಗೂ ಗೊತ್ತು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆ ಪಾಠ ತಲುಪಿಸಿದ್ದೂ ಇದೇ ವಾಹಿನಿ. ಆದರೆ ಒಂದೇ ವಾಹಿನಿ ಸುದ್ದಿಯನ್ನೂ ಕೊಡಬೇಕು, ಕೃಷಿಯನ್ನೂ ಹೇಳಬೇಕು, ಹಳೆಯ ಸಿನಿಮಾವನ್ನೂ ತೋರಿಸಬೇಕು, ಸಂಗೀತ, ನಾಟಕ, ಮಕ್ಕಳ ಕಾರ್ಯಕ್ರಮ, ಆರೋಗ್ಯ, ಎಲ್ಲವನ್ನೂ ಹೊರಬೇಕು. ಕೋಟ್ಯಂತರ ಜನರ ಭಾಷೆಗೆ ಒಂದು ವಾಹಿನಿ ಸಾಕು ಎಂದು ಯಾರು, ಯಾವಾಗ, ಎಲ್ಲಿ ಕೂತು ತೀರ್ಮಾನಿಸಿದರು?

ಕನ್ನಡ ಜನ ಸಂಜೆ ಕೂತು ನೋಡುವ ದೊಡ್ಡ ಮನರಂಜನಾ ವಾಹಿನಿಗಳೆಲ್ಲ ಹಣ ಕೊಟ್ಟು ನೋಡಬೇಕಾದವು. ಅವು ಫ್ರೀ ಡಿಶ್‌ನಲ್ಲಿ ಇಲ್ಲ. ಗಾರ್ಮೆಂಟ್ಸ್‌ನ ಹೆಂಗಸರು ಒಬ್ಬರಿಗೊಬ್ಬರು ನಿನ್ನೆಯ ಧಾರಾವಾಹಿಯ ಕಥೆ ಹೇಳುವಾಗ, ಫ್ರೀ ಡಿಶ್ ಮನೆಯವಳು ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ಸಣ್ಣ ವಿಷಯ ಅನ್ನಿಸಬಹುದು. ಹತ್ತು ತಾಸು ಹೊಲಿಗೆ ಯಂತ್ರದ ಮುಂದೆ ಕೂತು ಬಂದವಳಿಗೆ ಅದು ಸಣ್ಣದಲ್ಲ.

ಈ ಕೊರತೆ ನಿನ್ನೆ ಮೊನ್ನೆಯದಲ್ಲ. 2004ರ ಡಿಸೆಂಬರ್‌ನಲ್ಲಿ ಈ ಸೇವೆ ಶುರುವಾದಾಗ ಇದ್ದದ್ದು 33 ವಾಹಿನಿ, ಹೆಸರು ಡಿಡಿ ಡೈರೆಕ್ಟ್ ಪ್ಲಸ್. 2014ರಲ್ಲಿ ಹೆಸರು ಫ್ರೀ ಡಿಶ್ ಆಯಿತು. ಜಾಗ ಹೆಚ್ಚಿತು, ತಂತ್ರಜ್ಞಾನ ಬದಲಾಯಿತು. ಇವತ್ತು ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಇದು ಇದೆ ಎಂಬ ಅಂದಾಜಿದೆ. ಇಷ್ಟು ವರ್ಷಗಳಲ್ಲಿ ವಾಹಿನಿಗಳ ಪಟ್ಟಿ ಎಷ್ಟೋ ಸಲ ಉದ್ದವಾಯಿತು. ಉದ್ದವಾದಾಗಲೆಲ್ಲ ನಮ್ಮವರು ಕಾದರು, ಈ ಸಲವಾದರೂ ನಮ್ಮ ಕನ್ನಡದ್ದು ಬಂತೇನೋ ಎಂದು ಬಾಕ್ಸ್ ಮತ್ತೆ ಟ್ಯೂನ್ ಮಾಡಿಸಿದರು.

ಈಗ ಉಪಗ್ರಹದ ವಿಷಯ. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, ಪೂರ್ವ ರೇಖಾಂಶ 93.5 ಡಿಗ್ರಿಯ ಸ್ಥಾನದಿಂದ. ಅದಕ್ಕೇ ನಮ್ಮ ತಾರಸಿಗಳ ಈ ಡಿಶ್‌ಗಳು ಆಗ್ನೇಯಕ್ಕೆ ಮುಖ ಮಾಡಿವೆ. ಆ ಉಪಗ್ರಹ ರೂಪುಗೊಂಡದ್ದು ಇದೇ ಬೆಂಗಳೂರಿನಲ್ಲಿ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿದ ಮೇಲೆ ಅದರ ಲಗಾಮು ಹಿಡಿದದ್ದು ಹಾಸನದ ನಿಯಂತ್ರಣ ಕೇಂದ್ರ. ಬೆಂಗಳೂರಿನ ಎಂಜಿನಿಯರರು ಕಟ್ಟಿದ್ದು, ಹಾಸನದ ಎಂಜಿನಿಯರರು ಕಾಯುತ್ತಿರುವುದು, ನಂದಿನಿ ಲೇಔಟ್‌ನ ತಾರಸಿಗೆ ಇಳಿಯುವಾಗ ಮಾತ್ರ ಕನ್ನಡವನ್ನು ಅದರಲ್ಲಿ ಹುಡುಕಬೇಕು.

ಇನ್ನೂ ಒಂದು ಮಾತು. ಅದೇ 93.5 ಡಿಗ್ರಿ ಸ್ಥಾನದಿಂದಲೇ ಒಂದು ಖಾಸಗಿ ಡಿಟಿಎಚ್ ಸೇವೆಯೂ ಇಳಿಯುತ್ತದೆ. ದುಡ್ಡು ಕೊಡುವವರಿಗೆ ಅಲ್ಲಿಂದಲೇ ಕನ್ನಡ ವಾಹಿನಿಗಳು ಸಲೀಸಾಗಿ ಬರುತ್ತವೆ. ಎಂದರೆ ತಾಂತ್ರಿಕ ಅಡ್ಡಿ ಎಂಬ ನೆಪಕ್ಕೆ ಇಲ್ಲಿ ಜಾಗವೇ ಇಲ್ಲ. ಅಡ್ಡಿ ಇರುವುದು ನಿಯಮದಲ್ಲಿ.

ಆ ನಿಯಮ ಏನೆಂದು ನೋಡೋಣ. ಫ್ರೀ ಡಿಶ್‌ನ ಖಾಸಗಿ ವಾಹಿನಿಗಳ ಜಾಗ, ಅವರ ಮಾತಿನಲ್ಲಿ ಸ್ಲಾಟು, ಇ-ಹರಾಜಿನಲ್ಲಿ ಹೋಗುತ್ತದೆ. 2019ರಿಂದ ಹರಾಜಿಗೆ ಭಾಷೆ ಮತ್ತು ಬಗೆ ನೋಡಿ ವಿಂಗಡಣೆ ಮಾಡಿದ್ದಾರೆ. ಹಿಂದಿ ಮನರಂಜನೆಗೆ ಒಂದು ಬುಟ್ಟಿ, ಹಿಂದಿ ಸಿನಿಮಾಕ್ಕೆ ಇನ್ನೊಂದು, ಸುದ್ದಿಗೆ ಮತ್ತೊಂದು, ಉಳಿದ ಭಾಷೆಗಳೆಲ್ಲ ಕೊನೆಯ ಬುಟ್ಟಿಗಳಲ್ಲಿ. ಮೂಲ ಬೆಲೆಯೇ ಕೋಟಿಗಳ ಲೆಕ್ಕದಲ್ಲಿ. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಸ್ಲಾಟು. ಒಪ್ಪಂದ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ವರ್ಷ ವರ್ಷವೂ.

ಹರಾಜು ತಪ್ಪೆಂದು ನಾನು ಹೇಳುವುದಿಲ್ಲ. ಸರ್ಕಾರದ ಸೊತ್ತನ್ನು ಗುಟ್ಟಾಗಿ ಹಂಚುವುದಕ್ಕಿಂತ ಹರಾಜು ವಾಸಿ. ಆದರೆ ಈ ಹರಾಜಿನಲ್ಲಿ ಕನ್ನಡದ ವಾಹಿನಿ ಏನನ್ನು ಕೊಳ್ಳಬೇಕು ನೋಡಿ. ಉಪಗ್ರಹದ ಕಿರಣ ಇಡೀ ದೇಶದ ಮೇಲೆ ಬೀಳುತ್ತದೆ. ಸ್ಲಾಟಿನ ಬೆಲೆಯೂ ಇಡೀ ದೇಶದ್ದು. ಹಿಂದಿ ವಾಹಿನಿಗೆ ಆ ದುಡ್ಡಿಗೆ ಹತ್ತಾರು ರಾಜ್ಯಗಳ ನೋಡುಗರು ಸಿಗುತ್ತಾರೆ, ಜಾಹೀರಾತು ಹಿಂದೆಯೇ ಬರುತ್ತದೆ. ಕನ್ನಡ ವಾಹಿನಿಗೆ ಸಿಗುವವರು ಒಂದು ರಾಜ್ಯದವರು, ಜೊತೆಗೆ ಕಾಸರಗೋಡು, ಅಕ್ಕಲಕೋಟೆ, ಜತ್ತದ ಕಡೆಯ ನಮ್ಮ ಜನ. ಹಾಗಾದರೆ ಆ ದುಡ್ಡು ಹಾಕಿ ಬರುವವರು ಯಾರು? ಯಾರೂ ಬರದಿದ್ದಾಗ, ‘ಕನ್ನಡಕ್ಕೆ ಬೇಡಿಕೆ ಇಲ್ಲ’ ಎಂದು ಕಡತದಲ್ಲಿ ಬರೆಯುವುದು ಸುಲಭ. ಬೇಡಿಕೆ ಕೇಳಬೇಕಾದದ್ದು ವಾಹಿನಿಯ ಮಾಲೀಕರನ್ನೋ, ನಮ್ಮನ್ನೋ?

ಇನ್ನೊಂದು ನಿಯಮ ಇದಕ್ಕಿಂತ ಸೂಕ್ಷ್ಮ. 2024ರ ಜುಲೈನಲ್ಲಿ ದರ ನಿಯಂತ್ರಿಸುವವರು ಒಂದು ಆದೇಶ ಮಾಡಿದರು. ಸರ್ಕಾರಿ ಡಿಶ್‌ನಲ್ಲಿ ಬಿಟ್ಟಿಯಾಗಿ ಸಿಗುವ ವಾಹಿನಿಯನ್ನು ಕೇಬಲ್‌ನಲ್ಲಿ, ಖಾಸಗಿ ಡಿಟಿಎಚ್‌ನಲ್ಲಿ ದುಡ್ಡಿಗೆ ಮಾರುವಂತಿಲ್ಲ, ಎಲ್ಲ ಕಡೆ ಉಚಿತವೆಂದೇ ಘೋಷಿಸಬೇಕು. ಕೇಳುವುದಕ್ಕೆ ನ್ಯಾಯವಾಗಿದೆ. ಒಬ್ಬರಿಗೆ ಬಿಟ್ಟಿ ಸಿಗುವುದಕ್ಕೆ ಇನ್ನೊಬ್ಬರು ಏಕೆ ದುಡ್ಡು ಕೊಡಬೇಕು?

ಆದರೆ ಕನ್ನಡದ ಮಟ್ಟಿಗೆ ಇದರ ಪರಿಣಾಮ ಲೆಕ್ಕ ಹಾಕಿ. ದೊಡ್ಡ ಪ್ರಸಾರ ಕಂಪನಿಗಳ ಕೈಯಲ್ಲಿ ಹಿಂದಿಯ ವಾಹಿನಿಗಳು ಹಲವು. ಒಂದನ್ನು ದುಡ್ಡಿಗೆ ಇಟ್ಟುಕೊಂಡು, ಹಳೆಯ ಧಾರಾವಾಹಿ ಹಾಕುವ ಇನ್ನೊಂದನ್ನು ಫ್ರೀ ಡಿಶ್‌ಗೆ ಬಿಡಬಹುದು. ಕನ್ನಡದಲ್ಲಿ ಅವರಿಗೆ ದುಡಿದು ಕೊಡುವುದು ಒಂದೋ ಎರಡೋ. ಅದನ್ನು ಎಲ್ಲ ಕಡೆ ಉಚಿತ ಮಾಡಿ ಕೈ ಖಾಲಿ ಮಾಡಿಕೊಳ್ಳಲು ಯಾರು ಒಪ್ಪುತ್ತಾರೆ? ದೆಹಲಿಯಲ್ಲಿ ಕೂತು ಹಿಂದಿ ಮಾರುಕಟ್ಟೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ನ್ಯಾಯ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಚಿಲಕವಾಗಿದೆ.

ಹಿಂದಿಗೆ ತೊಂದರೆ ಆದಾಗ ಗದ್ದಲ ಎಷ್ಟಿತ್ತು ನೆನಪಿಸಿಕೊಳ್ಳಿ. 2019ರ ಮಾರ್ಚ್‌ನಲ್ಲಿ ದೊಡ್ಡ ಕಂಪನಿಗಳು ತಮ್ಮ ಉಚಿತ ಹಿಂದಿ ವಾಹಿನಿಗಳನ್ನು ಫ್ರೀ ಡಿಶ್‌ನಿಂದ ಹಿಂತೆಗೆದವು. ಮರುವರ್ಷ ಮರಳಿದವು. 2022ರ ಏಪ್ರಿಲ್‌ನಲ್ಲಿ ಮತ್ತೆ ಹೊರನಡೆದವು. ಪ್ರತಿ ಸಲವೂ ಬಡವರ ಮನರಂಜನೆ ಏನಾಗಬೇಕು ಎಂದು ಚರ್ಚೆ ನಡೆಯಿತು. ಕನ್ನಡದ ದೊಡ್ಡ ವಾಹಿನಿಗಳು ಹಾಗೆ ಹೊರನಡೆಯಲು ಮೊದಲು ಒಳಗೆ ಇರಬೇಕಿತ್ತಲ್ಲ! ಇಲ್ಲದ್ದು ಹೋದರೆ ಯಾರು ಗಮನಿಸುತ್ತಾರೆ?

ಇನ್ನು ಬಾಕ್ಸ್‌ಗಳ ಗೋಳು. ಹಳೆಯ ಬಾಕ್ಸ್‌ಗಳು ಎಂಪೆಗ್-2 ಎಂಬ ರೂಪದ ಸಂಕೇತವನ್ನು ಮಾತ್ರ ಓದುತ್ತವೆ. ಆಮೇಲೆ ಸೇರಿದ ಎಷ್ಟೋ ವಾಹಿನಿಗಳು ಎಂಪೆಗ್-4ರಲ್ಲಿ ಬರುತ್ತವೆ, ಅವು ಹಳೆಯ ಬಾಕ್ಸ್‌ನಲ್ಲಿ ಕಾಣುವುದೇ ಇಲ್ಲ. ಇದನ್ನು ನಮ್ಮ ಬಡಾವಣೆಯ ಜನಕ್ಕೆ ಯಾರು ಹೇಳಿದರು? ಅಂಗಡಿಯವನು ತನ್ನಲ್ಲಿ ಉಳಿದ ಹಳೆಯ ಬಾಕ್ಸನ್ನು ಅಗ್ಗದ ಬೆಲೆಗೆ ಕೊಡುತ್ತಾನೆ. ಮನೆಗೆ ತಂದು ಹಾಕಿದ ಮೇಲೆ ‘ಪಕ್ಕದ ಮನೆಯಲ್ಲಿ ಬರುವುದು ನಮ್ಮಲ್ಲಿ ಯಾಕೆ ಬರಲ್ಲ?’ ಎಂಬ ಪ್ರಶ್ನೆ. ಡಿಶ್ ತಿರುಗಿಸುವ ಹುಡುಗನನ್ನು ಕರೆಸಿ, ಅವನಿಗೆ ಮತ್ತೆ ದುಡ್ಡು. ಅವನೂ ಏನು ಮಾಡಿಯಾನು? ಬಾಕ್ಸ್‌ಗೆ ಓದಲು ಬಾರದ ಲಿಪಿಯನ್ನು ಡಿಶ್ ತಿರುಗಿಸಿ ಓದಿಸಲಾಗದು.

ಕೊಳ್ಳುವವರಿಗೆ ತಿಳಿಯುವಂತೆ ಬಾಕ್ಸ್‌ನ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಸುವುದು ದೊಡ್ಡ ಕೆಲಸವೇ? ನಂದಿನಿ ಹಾಲಿನ ಪ್ಯಾಕೆಟ್ಟಿನ ಮೇಲೆ ಕನ್ನಡದಲ್ಲಿ ಬರೆದಿರುತ್ತದೆ. ಮನೆಯಲ್ಲಿ ವರ್ಷಗಟ್ಟಲೆ ಇರುವ ಯಂತ್ರಕ್ಕೆ ಆ ಮರ್ಯಾದೆ ಇಲ್ಲ.

‘ಹಾಗಾದರೆ ಕೇಬಲ್ ಹಾಕಿಸಿಕೊಳ್ಳಿ’ ಎನ್ನುವವರಿದ್ದಾರೆ. ಅವರಿಗೆ ಲೆಕ್ಕ ಹೇಳೋಣ. ಬೆಂಗಳೂರಿನ ಕೇಬಲ್ ಡಿಜಿಟಲ್ ಆಗಬೇಕೆಂದು ಗಡುವು ಹಾಕಿದ್ದು 2013ರ ಮಾರ್ಚ್ 31. ಆಗ ಕೇಳಿದ ಮಾತುಗಳು ನಮಗೆಲ್ಲ ನೆನಪಿವೆ: ಚಿತ್ರ ಸ್ಪಷ್ಟವಾಗುತ್ತದೆ, ವಾಹಿನಿ ಹೆಚ್ಚಾಗುತ್ತವೆ, ಬೇಕಾದ್ದಕ್ಕೆ ಮಾತ್ರ ದುಡ್ಡು ಕೊಟ್ಟರೆ ಸಾಕು. 2019ರಲ್ಲಿ ಹೊಸ ದರಪಟ್ಟಿ ಬಂತು. ಒಂದೂ ಹಣದ ವಾಹಿನಿ ನೋಡದಿದ್ದರೂ, ಸಂಪರ್ಕಕ್ಕೇ ತಿಂಗಳಿಗೆ 130 ರೂಪಾಯಿಯವರೆಗೆ, ಅದರ ಮೇಲೆ ಶೇ 18 ತೆರಿಗೆ. ಪ್ಯಾಕಿನೊಳಗೆ ಸೇರುವ ವಾಹಿನಿಯ ಬಿಡಿ ಬೆಲೆಗೆ ಗರಿಷ್ಠ 19 ರೂಪಾಯಿಯ ಮಿತಿ.

ಆ ಮಿತಿಯ ಬೆಲೆಯಲ್ಲಿ ನಾಲ್ಕು ಕನ್ನಡ ವಾಹಿನಿ ಬಿಡಿಯಾಗಿ ಹಾಕಿಸಿಕೊಂಡರೆ 76 ರೂಪಾಯಿ. ಸಂಪರ್ಕದ 130 ಸೇರಿ 206. ತೆರಿಗೆ ಸೇರಿ 243. ವರ್ಷಕ್ಕೆ 2,900 ರೂಪಾಯಿ ದಾಟುತ್ತದೆ. ಇದೂ ಹಳೆಯ ಮಿತಿಯ ಲೆಕ್ಕ. 2024ರಲ್ಲಿ ಸಂಪರ್ಕ ಶುಲ್ಕದ ಮಿತಿಯನ್ನೇ ತೆಗೆದುಹಾಕಿದರು, ಎಷ್ಟು ಹಾಕಬೇಕೆನ್ನುವುದು ಈಗ ಸೇವೆ ಕೊಡುವವರ ಮರ್ಜಿ. ಬಿಡಿಯಾಗಿ ಬೇಡ, ಪ್ಯಾಕ್ ತೆಗೆದುಕೊಳ್ಳಿ, ಅಗ್ಗ ಎನ್ನುತ್ತಾರೆ. ಪ್ಯಾಕ್ ಬಿಚ್ಚಿ ನೋಡಿದರೆ ನಾಲ್ಕು ಬೇಕಾದ್ದರ ಜೊತೆ ಬೇಡದ್ದು ಒಂದು ರಾಶಿ.

ಹಿಂದಿ ಮಾತಾಡುವ ಬಡವನಿಗೆ ಅವನ ಭಾಷೆಯ ಮನರಂಜನೆ ಬಿಟ್ಟಿ ಸಿಗುತ್ತದೆ. ಸಿಗಲಿ, ಅವನೂ ನಮ್ಮಂತೆ ದುಡಿದು ತಿನ್ನುವವನು, ಅವನ ಮೇಲೆ ನನಗೆ ಕೋಪವಿಲ್ಲ. ನಮ್ಮ ಓಣಿಯಲ್ಲೇ ಬಿಹಾರದ ಹುಡುಗರಿದ್ದಾರೆ, ಸಂಜೆ ಭೋಜಪುರಿ ಹಾಡು ಹಾಕಿಕೊಂಡು ಅಡುಗೆ ಮಾಡುತ್ತಾರೆ. ಅದೇ ಗೋಡೆಯ ಈ ಕಡೆ ಇರುವ ಸಿಂಧನೂರಿನ ಸಂಸಾರಕ್ಕೆ ಅದೇ ಡಿಶ್‌ನಲ್ಲಿ ಅವರ ಭಾಷೆಯ ಹಾಡಿನ ವಾಹಿನಿ ಯಾಕಿಲ್ಲ? ಅವರು ತಮ್ಮದೇ ಭಾಷೆಯ ನಾಡಿನಲ್ಲಿ ಇದ್ದಾರೆ.

ನಮ್ಮ ಬಡಾವಣೆಗೆ ಇದು ಇನ್ನೊಂದು ಕಾರಣಕ್ಕೂ ಚುಚ್ಚುತ್ತದೆ. ಕಂಠೀರವ ಸ್ಟುಡಿಯೊ ಇರುವುದು ಇಲ್ಲೇ. ರಾಜ್‌ಕುಮಾರ್ ಅವರ ಸಮಾಧಿ ಇಲ್ಲೇ, ಅಂಬರೀಶ್, ಪುನೀತ್ ಇಲ್ಲೇ. ನಾಡಿನ ಮೂಲೆ ಮೂಲೆಯಿಂದ ಜನ ಬಸ್ಸು ಹಿಡಿದು ಬಂದು ಕೈಮುಗಿದು ಹೋಗುತ್ತಾರೆ. ಆ ಕಾಂಪೌಂಡಿನ ಆಚೆ ರಿಂಗ್ ರೋಡ್ ದಾಟಿದರೆ ಸಿಗುವ ಶೀಟಿನ ಮನೆಯಲ್ಲಿ ಅಣ್ಣಾವ್ರ ಸಿನಿಮಾ ನೋಡಬೇಕೆಂದರೆ ಚಂದನದಲ್ಲಿ ಬರುವ ದಿನ ಕಾಯಬೇಕು, ಇಲ್ಲ ಮೊಬೈಲ್ ಡೇಟಾ ಸುಡಬೇಕು. ಮೊಬೈಲ್ ಮಗನ ಕೈಯಲ್ಲಿ, ಮಗ ರಾತ್ರಿ ಪಾಳಿಯಲ್ಲಿ.

ಈಗ ಕಾನೂನಿನ ಮಾತಿಗೆ ಬರೋಣ. ನಾವು ಭಿಕ್ಷೆ ಕೇಳುತ್ತಿಲ್ಲ.

1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ, ಕ್ರಿಕೆಟ್ ಪಂದ್ಯದ ಪ್ರಸಾರದ ವಿವಾದದಲ್ಲಿ ತೀರ್ಪು ಕೊಡುತ್ತಾ, ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಸೊತ್ತು ಎಂದಿತು. ಅವು ಸರ್ಕಾರದ ಏಕಸ್ವಾಮ್ಯವಲ್ಲ, ಜನರ ಹಿತಕ್ಕೆ ಬಳಸಬೇಕಾದವು ಎಂದಿತು. ಸರ್ಕಾರಿ ಪ್ರಸಾರವನ್ನು ಸ್ವಾಯತ್ತ ಸಂಸ್ಥೆಗೆ ಒಪ್ಪಿಸಲು ಸಂಸತ್ತು 1990ರಲ್ಲೇ ಮಾಡಿ, 1997ರಲ್ಲಿ ಜಾರಿಗೆ ಬಂದ ಕಾಯ್ದೆಯ 12ನೇ ಕಲಮಿನಲ್ಲಿ ಆ ಸಂಸ್ಥೆಯ ಕರ್ತವ್ಯಗಳನ್ನು ಪಟ್ಟಿ ಮಾಡಿದ್ದಾರೆ. ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿಗೆ, ಭಾಷೆಗಳಿಗೆ ಸಾಕಷ್ಟು ಜಾಗ ಕೊಡುವುದು ಅದರಲ್ಲಿ ಒಂದು. ಸಾಕಷ್ಟು ಎಂದರೆ ಎಷ್ಟು? ಇದನ್ನು ಹರಾಜಿನ ಕೂಗು ತೀರ್ಮಾನಿಸಬಾರದು.

ಮನಸ್ಸು ಮಾಡಿದರೆ ನಿಯಮ ಹೇಗೆ ನೋಡುಗರ ಪರ ನಿಲ್ಲುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. 2007ರ ಕಾನೂನಿನ ಪ್ರಕಾರ, ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರವನ್ನು ಖಾಸಗಿ ವಾಹಿನಿ ಸರ್ಕಾರಿ ವಾಹಿನಿಯ ಜೊತೆ ಹಂಚಿಕೊಳ್ಳಲೇಬೇಕು. ಅದರಿಂದಲೇ ಭಾರತದ ಕ್ರಿಕೆಟ್ ಪಂದ್ಯ ಫ್ರೀ ಡಿಶ್‌ನಲ್ಲಿ ಬರುವುದು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ, ಹಾಗೆ ಹಂಚಿಕೊಂಡ ಪ್ರಸಾರ ಸರ್ಕಾರಿ ಡಿಶ್ ಮತ್ತು ನೆಲದ ಪ್ರಸಾರಕ್ಕೆ ಮಾತ್ರ, ಕೇಬಲ್‌ಗಲ್ಲ ಎಂದಿತು. ಹಾಗಾಗಿ ಪಂದ್ಯದ ದಿನ ರೀಚಾರ್ಜ್ ಮುಗಿದ ಕೇಬಲ್ ಮನೆಯವರು ಫ್ರೀ ಡಿಶ್ ಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ಕ್ರಿಕೆಟ್ಟಿಗೆ ಕಾನೂನು ಬಂತು. ಭಾಷೆ ಬ್ಯಾಟು ಬೀಸುವುದಿಲ್ಲ ನೋಡಿ.

ನೆಲದ ಪ್ರಸಾರ ಎಂದೆ. ಅದರ ಕಥೆ ಇನ್ನೂ ಬೇಸರದ್ದು. ಹಿಂದೆ ಮನೆಯ ಮೇಲೆ ಕಡ್ಡಿ ಆಂಟೆನಾ ನೆಟ್ಟು ನೋಡುತ್ತಿದ್ದೆವಲ್ಲ, ಆ ಅನಲಾಗ್ ಪ್ರಸಾರ 2022ರ ಹೊತ್ತಿಗೆ ದೇಶದಲ್ಲಿ ಹೆಚ್ಚುಕಡಿಮೆ ನಿಂತುಹೋಯಿತು. ಅದರ ಬದಲಿಗೆ ಡಿಜಿಟಲ್ ಬಂತು. 2016ರ ಫೆಬ್ರವರಿಯಲ್ಲಿ 16 ನಗರಗಳಲ್ಲಿ ಶುರುವಾದಾಗ ಬೆಂಗಳೂರೂ ಆ ಪಟ್ಟಿಯಲ್ಲಿತ್ತು. ಹಳೆಯ ಕಾಲದಲ್ಲಿ ಒಂದು ವಾಹಿನಿ ಹೋಗುತ್ತಿದ್ದ ತರಂಗಾಂತರದಲ್ಲಿ ಐದು ವಾಹಿನಿ. ಬಾಕ್ಸ್ ಬೇಡ, ಡಿಶ್ ಬೇಡ, ಡಿವಿಬಿ-ಟಿ2 ಟ್ಯೂನರ್ ಇರುವ ಟಿವಿಗೆ ಪುಟ್ಟ ಆಂಟೆನಾ ಸಾಕು. ಮಾಲೀಕರನ್ನು ತಾರಸಿಗೆ ಹತ್ತಲು ಅನುಮತಿ ಕೇಳಬೇಕಾದ ಬಾಡಿಗೆದಾರನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ನಮ್ಮ ಬೀದಿಯಲ್ಲಿ ಕೇಳಿ ನೋಡಿ, ಇಂಥದ್ದೊಂದು ಶುರುವಾಗಿತ್ತೆಂದೇ ಜನಕ್ಕೆ ಗೊತ್ತಿಲ್ಲ. ಗೊತ್ತಾಗಿದ್ದರೂ ಆ ಐದರಲ್ಲಿ ಕನ್ನಡಕ್ಕೆ ಸಿಕ್ಕಿದ್ದೇನು? ಪ್ರಾದೇಶಿಕ ವಾಹಿನಿಗೆ ಎಂದು ಒಂದು ಜಾಗ, ಅದನ್ನೂ ಕೃಷಿ ವಾಹಿನಿಯ ಜೊತೆ ಹಂಚಿಕೊಂಡು. ಈ ಡಿಜಿಟಲ್ ಜಾಗದಲ್ಲಿ ಖಾಸಗಿಯವರಿಗೂ ಅವಕಾಶ ಕೊಡಿ, 2023ರ ಕೊನೆಗೆ ದೇಶವೆಲ್ಲ ಡಿಜಿಟಲ್ ಆಗಲಿ ಎಂದು ನಿಯಂತ್ರಣ ನೋಡಿಕೊಳ್ಳುವವರೇ 2017ರ ಜನವರಿಯಲ್ಲಿ ಶಿಫಾರಸು ಮಾಡಿದ್ದರು. 2023 ಬಂತು, ಹೋಯಿತು. ಖಾಸಗಿಯವರಿಗೆ ನೆಲದ ಟಿವಿ ಪ್ರಸಾರದ ಬಾಗಿಲು ತೆರೆಯಲಿಲ್ಲ. ಶಿಫಾರಸು ಒಪ್ಪಿದೆವು, ಇಲ್ಲ ಒಪ್ಪಲಿಲ್ಲ, ಕಾರಣ ಇಂಥದ್ದು ಎಂದು ನಮ್ಮಂಥವರಿಗೆ ಅರ್ಥವಾಗುವಂತೆ ಯಾರಾದರೂ ಹೇಳಿದರೇ?

ರೇಡಿಯೊದಲ್ಲಿ ಇದೇ ಸರ್ಕಾರಿ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಶುರುವಾದದ್ದು ಬೆಂಗಳೂರಲ್ಲೇ. ಅಲ್ಲಿ ಪರವಾನಗಿ ಕೊಟ್ಟದ್ದು ನಗರ ನಗರಕ್ಕೆ ಪ್ರತ್ಯೇಕವಾಗಿ. ಬೆಂಗಳೂರಿನ ಕೇಂದ್ರ ಬೆಂಗಳೂರಿಗಷ್ಟೇ ಬೆಲೆ ಕಟ್ಟಿತು, ಬೆಂಗಳೂರಿನ ಕೇಳುಗರನ್ನೇ ಗೆಲ್ಲಬೇಕಾಯಿತು. ಇವತ್ತು ಆಟೊದಲ್ಲಿ ಕೂತರೆ ಕನ್ನಡ ಹಾಡಿನ ಎಫ್‌ಎಂಗಳು ಒಂದಾದ ಮೇಲೊಂದು ಸಿಗುತ್ತವೆ, ಎಲ್ಲ ಬಿಟ್ಟಿ. ಅದೇ ಕ್ರಮವನ್ನು ನಗರದ ಡಿಜಿಟಲ್ ಟಿವಿಗೆ ಏಕೆ ತರಬಾರದು? ಬೆಂಗಳೂರಿನ ತರಂಗಾಂತರಕ್ಕೆ ಬೆಂಗಳೂರಿನ ಬೆಲೆ ಕಟ್ಟಿದರೆ ಕನ್ನಡದ ವಾಹಿನಿಗೆ ಭೋಜಪುರಿಯ ಜೊತೆ ಹರಾಜಿನಲ್ಲಿ ಕುಸ್ತಿ ಆಡಬೇಕಾಗುವುದಿಲ್ಲ.

ಹೊರಗಿನ ದೇಶಗಳಲ್ಲೂ ಸರ್ಕಾರಗಳು ಹೆಚ್ಚುವರಿ ವಾಹಿನಿಗೆ ತಡೆ ಹಾಕಿದ್ದುಂಟು. ಆಸ್ಟ್ರೇಲಿಯಾದಲ್ಲಿ ಡಿಜಿಟಲ್ ಟಿವಿ 2001ರಲ್ಲೇ ಬಂದರೂ, ವಾಣಿಜ್ಯ ಕಂಪನಿಗಳು ಅದರಲ್ಲಿ ಇನ್ನೊಂದು ವಾಹಿನಿ ಹಾಕದಂತೆ ವರ್ಷಗಟ್ಟಲೆ ನಿರ್ಬಂಧವಿತ್ತು. 2009ರಲ್ಲಿ ಅದು ಸಡಿಲವಾದ ವರ್ಷದಲ್ಲೇ ಹೊಸ ಉಚಿತ ವಾಹಿನಿಗಳು ಬಂದವು. ಬ್ರಿಟನ್ನಿನಲ್ಲಿ 2002ರಲ್ಲೇ ಫ್ರೀವ್ಯೂ ಶುರುವಾಗಿ, ಆಂಟೆನಾ ಇದ್ದ ಮನೆಗೆ ಹತ್ತಾರು ವಾಹಿನಿ ಬಿಟ್ಟಿ ಬಂದವು. ತಡವಾದರೂ ಆಸ್ಟ್ರೇಲಿಯಾದಲ್ಲಿ ತಡೆ ಹಾಕಿದವರೇ ತೆಗೆದರು.

ಇಲ್ಲಿ ಹೊಸ ತಂತ್ರಜ್ಞಾನಕ್ಕೇನೂ ಕೊರತೆಯಿಲ್ಲ. ಸಿಮ್ ಡೇಟಾ ಇಲ್ಲದೆ ಮೊಬೈಲಿಗೇ ಟಿವಿ ಕಳಿಸುವ ಡಿ2ಎಂ ಪ್ರಯೋಗ ನಡೆದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಟಿವಿಯೊಳಗೇ ಉಪಗ್ರಹದ ಟ್ಯೂನರ್ ಇರುವ ಮಾದರಿಗೆ ಮಾನದಂಡವೂ ಸಿದ್ಧವಾಗಿದೆ. ಪ್ರಯೋಗಕ್ಕೆ ನಮ್ಮ ಊರು ಬೇಕು, ಫಲ ಹಂಚುವಾಗ ನಮ್ಮ ಭಾಷೆ ನೆನಪಾಗುವುದಿಲ್ಲ. ಈ ಹೊಸ ದಾರಿಗಳಲ್ಲೂ ಮೊದಲು ಹಿಂದಿ ತುಂಬಿ, ಉಳಿದ ಜಾಗದಲ್ಲಿ ಕನ್ನಡವನ್ನು ತುರುಕುವ ಹಳೆಯ ಚಾಳಿಯೇ ಮುಂದುವರಿದೀತು ಎಂಬ ಅಂಜಿಕೆ ನಮಗಿದೆ.

ದೂರು ಕೊಡಲಿಲ್ಲವೇ ಎಂದು ಕೇಳುತ್ತೀರಿ. ಕೊಡದವರು ಯಾರು? ಆನ್‌ಲೈನಿನಲ್ಲಿ ಕೊಟ್ಟರೆ ಒಂದು ನಂಬರ್ ಬರುತ್ತದೆ. ಕೆಲವು ದಿನಗಳ ಮೇಲೆ ‘ಸಂಬಂಧಪಟ್ಟ ವಿಭಾಗಕ್ಕೆ ವರ್ಗಾಯಿಸಲಾಗಿದೆ’ ಎಂದು. ಆಮೇಲೆ ‘ವಿಲೇವಾರಿಯಾಗಿದೆ’ ಎಂದು. ಏನು ವಿಲೇವಾರಿ? ಟಿವಿ ಮುಂದೆ ಕೂತ ಅಜ್ಜಿಗೆ ಏನು ಬದಲಾಯಿತು? ಕನ್ನಡದಲ್ಲಿ ಬರೆದ ಅರ್ಜಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು. ಓದಿಸಿಕೊಳ್ಳಲು ಮತ್ತೆ ಸೈಬರ್ ಸೆಂಟರ್‌ಗೆ ಹೋಗಬೇಕು. ಇಲ್ಲಿ ಕೇಳಿದರೆ ‘ಅದು ದೆಹಲಿಯವರ ಕೈಲಿದೆ’, ದೆಹಲಿಗೆ ಬರೆದರೆ ‘ಅದು ನೀತಿಗೆ ಸಂಬಂಧಿಸಿದ ವಿಷಯ’. ನೀತಿ ಎಂಬುದು ಎಲ್ಲಿ ವಾಸ ಮಾಡುತ್ತದೋ, ಅದರ ವಿಳಾಸ ಮಾತ್ರ ಯಾರೂ ಕೊಡುವುದಿಲ್ಲ.

ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ಜಾತಿ ಪ್ರಮಾಣಪತ್ರಕ್ಕೂ ದಿನದ ಗಡುವು ಉಂಟು. ಕೇಂದ್ರದ ಪ್ರಸಾರದ ವಿಷಯಕ್ಕೆ ಆ ಕಾಯ್ದೆ ತಾಕುವುದಿಲ್ಲ. ಮಾಹಿತಿ ಹಕ್ಕಿನಲ್ಲಿ 30 ದಿನದೊಳಗೆ ಉತ್ತರ ಕೊಡಬೇಕು, ನಿಜ. ಆದರೆ ಆ ಕಾನೂನು ಇರುವ ಕಡತವನ್ನು ತೋರಿಸುತ್ತದೆ, ಇಲ್ಲದ ವಾಹಿನಿಯನ್ನು ತರುವುದಿಲ್ಲ.

ಮೇಲಿನವರ ಮೌನ ಜನರನ್ನು ಏನು ಮಾಡುತ್ತದೆ ಗೊತ್ತೇ? ಮೊದಲು ಸಿಟ್ಟು ಬರುತ್ತದೆ. ಆಮೇಲೆ ‘ನಮ್ಮ ಹಣೆಬರಹ’ ಎನ್ನುತ್ತಾರೆ. ಆಮೇಲೆ ಮಕ್ಕಳು ಬರುವುದನ್ನೇ ನೋಡುತ್ತಾ ಅದರ ಭಾಷೆಯಲ್ಲೇ ಆಟ ಆಡುತ್ತಾರೆ. ಸರ್ಕಾರಿ ಕನ್ನಡ ಶಾಲೆಯ ಮಗು ಮನೆಗೆ ಬಂದು ನೋಡುವ ಕಾರ್ಟೂನ್ ಹಿಂದಿಯದು. ಅದರ ತಪ್ಪೇನು? ಕನ್ನಡದ ಕಾರ್ಟೂನ್ ವಾಹಿನಿ ದುಡ್ಡು ಕೊಡುವವರ ಮಗುವಿಗೆ. ಕನ್ನಡ ಉಳಿಸಿ ಎಂದು ನವೆಂಬರ್‌ನಲ್ಲಿ ಬಾವುಟ ಕಟ್ಟುವ ನಾವು, ಈ ಮಗು ಸಂಜೆ ಏನು ಕೇಳಿಸಿಕೊಳ್ಳುತ್ತದೆ ಎಂದು ವಿಚಾರಿಸಿದ್ದೇವೆಯೇ? ನಮ್ಮ ಸಂಘ ಸಂಸ್ಥೆಗಳೂ ಇದನ್ನು ಕೇಳಲಿಲ್ಲ. ಅಂಗಡಿ ಬೋರ್ಡಿನ ಕನ್ನಡ ಬೀದಿಗೆ ಕಾಣುತ್ತದೆ. ಬಡವರ ಮನೆಯೊಳಗಿನ ಟಿವಿ ಬೀದಿಗೆ ಕಾಣುವುದಿಲ್ಲ.

ರಾಜ್ಯ ಸರ್ಕಾರವೂ ಕೈ ತೊಳೆದುಕೊಳ್ಳಲಾಗದು. ಪ್ರಸಾರ ಎನ್ನುವುದು ಕೇಂದ್ರ ಸರ್ಕಾರದ ವಿಷಯ, ಒಪ್ಪಿದೆವು. ಆದರೆ ಕನ್ನಡದ ಹೆಸರಿನಲ್ಲಿ ಇಷ್ಟು ಪ್ರಾಧಿಕಾರ, ಅಕಾಡೆಮಿಗಳಿವೆ. ಕನ್ನಡ ವಾಹಿನಿಗೆ ಫ್ರೀ ಡಿಶ್‌ನ ಸ್ಲಾಟಿನ ಬಾಬ್ತಿನಲ್ಲಿ ನೆರವಾಗಬಹುದೇ ಎಂದು ಒಂದು ಸಭೆ ನಡೆಸಲು ಯಾರ ಅಪ್ಪಣೆ ಬೇಕು? ನಮ್ಮ ಸಂಸದರು ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಬಹುದು: ಫ್ರೀ ಡಿಶ್‌ನಲ್ಲಿ ಯಾವ ಭಾಷೆಗೆ ಎಷ್ಟು ವಾಹಿನಿ, ಯಾವ ಆಧಾರದ ಮೇಲೆ? ಉತ್ತರವನ್ನು ಸದನದಲ್ಲಿ ಕೊಡಲೇಬೇಕಾಗುತ್ತದೆ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಕನ್ನಡಕ್ಕೆ, ಹಾಗೆಯೇ ಹಿಂದಿಯಲ್ಲದ ಪ್ರತಿ ದೊಡ್ಡ ಭಾಷೆಗೆ, ಫ್ರೀ ಡಿಶ್‌ನಲ್ಲಿ ಕೆಲವು ಸ್ಲಾಟು ಮೀಸಲಿಡಿ. ಅವುಗಳ ಬೆಲೆಯನ್ನು ಆ ಭಾಷೆಯ ನೋಡುಗರ ಸಂಖ್ಯೆಗೆ ತಕ್ಕಂತೆ ಕಟ್ಟಿ. ಒಂದು ಸಿನಿಮಾ ವಾಹಿನಿ, ಒಂದು ಮನರಂಜನೆಯದು, ಒಂದು ಮಕ್ಕಳದು, ಇಷ್ಟಾದರೂ ಇರಲಿ. 2024ರ ಆದೇಶದಿಂದ ಸಣ್ಣ ಮಾರುಕಟ್ಟೆಯ ಭಾಷೆಗಳಿಗೆ ಏನು ಪೆಟ್ಟು ಬಿದ್ದಿದೆ ಎಂದು ಪರಿಶೀಲಿಸಿ, ವಿನಾಯಿತಿ ಬೇಕಿದ್ದರೆ ಕೊಡಿ. ಚಂದನಕ್ಕೆ ಎರಡನೆಯ ವಾಹಿನಿ ಕೊಟ್ಟು, ದಶಕಗಳಿಂದ ಉಗ್ರಾಣದಲ್ಲಿ ಕೂತಿರುವ ಕನ್ನಡ ನಾಟಕ, ಸಂಗೀತ, ಸಂದರ್ಶನಗಳನ್ನು ಹೊರಗೆ ತನ್ನಿ. ಯಾವ ಬಾಕ್ಸ್‌ನಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಕನ್ನಡದಲ್ಲಿ ಅಚ್ಚು ಹಾಕಿಸದೆ ಮಾರಬೇಡಿ. ಬೆಂಗಳೂರಿನ ನೆಲದ ಡಿಜಿಟಲ್ ಪ್ರಸಾರದ ಸ್ಥಿತಿ ಏನು, ಯಾವ ಯಾವ ವಾಹಿನಿ, ಯಾವ ಟಿವಿಯಲ್ಲಿ ಬರುತ್ತದೆ ಎಂದು ಪತ್ರಿಕೆಗಳಲ್ಲಿ ಪ್ರಕಟಿಸಿ.

ಇವು ಆಗದಿದ್ದರೆ, ಯಾಕೆ ಆಗುವುದಿಲ್ಲ ಎಂದು ಹೇಳಿ. ದುಡ್ಡಿಲ್ಲ ಎನ್ನಿ, ಜಾಗವಿಲ್ಲ ಎನ್ನಿ, ಮನಸ್ಸಿಲ್ಲ ಎನ್ನುವುದಾದರೆ ಅದನ್ನೇ ಎನ್ನಿ. ನಾವು ವಾದಿಸಲಾದರೂ ಎದುರಿಗೆ ಒಂದು ಮಾತು ಸಿಗುತ್ತದೆ.

ನೆರೆಹೊರೆಯವರಲ್ಲಿ ಒಂದು ಕೋರಿಕೆ. ಕೇಬಲ್ ಇರುವವರು ‘ನಮಗೆ ಬರುತ್ತದಲ್ಲ’ ಎಂದು ಸುಮ್ಮನಾಗಬೇಡಿ. ನಿಮ್ಮ ತಾರಸಿಯ ಬಾಡಿಗೆದಾರರನ್ನು ಒಂದು ಸಲ ವಿಚಾರಿಸಿ, ಅವರ ಅರ್ಜಿಗೆ ನಿಮ್ಮ ಸಹಿಯನ್ನೂ ಸೇರಿಸಿ. ಬಡಾವಣೆಯ ಸಂಘದ ಮುಂದಿನ ಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಪಟ್ಟಿಗೆ ಹಾಕಿ. ವಾರ್ಡಿನ ಜನಪ್ರತಿನಿಧಿ ಬಂದಾಗ ಕೇಳಿ, ‘ನನ್ನ ವ್ಯಾಪ್ತಿಗೆ ಬರಲ್ಲ’ ಎಂದರೆ ಯಾರ ವ್ಯಾಪ್ತಿ ಎಂದು ಬರೆಸಿಕೊಳ್ಳಿ.

ಹೊಸ ಸ್ಲಾಟುಗಳ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಹರಾಜಿನ ಷರತ್ತುಗಳು ಅದಕ್ಕೂ ತಿಂಗಳುಗಳ ಮೊದಲೇ ಸಿದ್ಧವಾಗುತ್ತವೆ. ಮುಂದಿನ ಷರತ್ತುಪತ್ರ ಅಚ್ಚಾಗುವ ಮುನ್ನ ಈ ಪತ್ರಕ್ಕೆ ಉತ್ತರ ಬೇಕು, ಕನ್ನಡದಲ್ಲಿ, ಬಹಿರಂಗವಾಗಿ.

ಇಂತಿ,
ನಂದಿನಿ ಲೇಔಟ್‌ನ ಒಬ್ಬ ನಿವಾಸಿ